ಅಂಕಲ್ ಬಟ್ಟಲು, ಆಂಟಿಯ ಹುಣಸೆಹಣ್ಣು

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಆವಿಗೆಯ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಓದಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು. ಕೇಳದವರಿಗೂ ಅದನ್ನು ಹೇಳುತ್ತಿದ್ದೆ. ಆದರೆ ತೊಂಬತ್ತರ ದಶಕದಲ್ಲಿ ಅಮೆರಿಕದ ಕ್ಯಾರಿ ಎಂಬ ಊರಿನಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿದಾಗ, ಅಲ್ಲಿ ಬಹಳ ವರ್ಷಗಳಿಂದಿದ್ದ ಡಾಕ್ಟರ್ ಅಂಕಲ್ "ಅಪ್ಪ ಏನ್ ಮಾಡ್ತಾರಮ್ಮ?" ಅಂದದ್ದಕ್ಕೆ ಬಾಯಿಗೆ ಬಂದದ್ದು ಸುಳ್ಳು: "ಹೆಂಚಿನ ಫ್ಯಾಕ್ಟರಿ ಇದೆ ಅಂಕಲ್." ಅಪ್ಪ ಕುಂಬಾರ.

ಅಂಕಲ್ ಮನೆಯ ಗಾಜಿನ ಬೀರುವಿನಲ್ಲಿ ಎಳೆ ಬಾಳೆಎಲೆ ಬಣ್ಣದ ಚೀನೀ ಬಟ್ಟಲೊಂದಿತ್ತು. ಸಾಂಗ್ ಅರಸರ ಕಾಲದ್ದು, ಲಾಂಗ್‌ಚ್ವಾನ್ ಎಂಬಲ್ಲಿಯದು ಎಂದು ಬಂದವರಿಗೆಲ್ಲ ಕಾಫಿಗೂ ಮುಂಚೆ ಹೇಳುವರು. ಅಲ್ಲಿ ಗುಡ್ಡದ ಇಳಿಜಾರಿನುದ್ದಕ್ಕೂ ಹಾವಿನಂತೆ ಮಲಗಿದ ಆವಿಗೆಗಳಂತೆ. ಬೂದಿ ತಾಗದಿರಲೆಂದು ಬಟ್ಟಲನ್ನು ಮಣ್ಣಿನ ಡಬ್ಬಿಯೊಳಗಿಟ್ಟು ಸುಡುತ್ತಿದ್ದರಂತೆ. ಅಪ್ಪನಿಗೆ ಈ ಡಬ್ಬಿಯ ಉಪಾಯ ಬರೆಯಬೇಕು ಅಂದುಕೊಳ್ಳುತ್ತ ನಾನು "ಹೌದಾ ಅಂಕಲ್" ಅನ್ನುತ್ತಿದ್ದೆ.

ಒಮ್ಮೆ ಯಾರೋ ಅತಿಥಿ "ನಕಲಿ ಇರಬಹುದು" ಅಂದುಬಿಟ್ಟರು. ಅಂಕಲ್‌ಗೆ ಊಟ ಸೇರದಾಯಿತು. ವಾಷಿಂಗ್ಟನ್ನಿನ ತಜ್ಞರೊಬ್ಬರ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು. ಹೇಗೂ ಅತ್ತ ಹೋಗುವುದು, ಅಲ್ಲೇ ಹತ್ತಿರದ ಲ್ಯಾನ್‌ಹ್ಯಾಮ್ ದೇವಸ್ಥಾನವೂ ಆಗಲೆಂದು ಆಂಟಿ ಪುಳಿಯೋಗರೆ ಕಟ್ಟಿದರು. ಡ್ರೈವ್ ಮಾಡಲು ನಾನು.

ಹೊರಡುವ ದಿನ ಬೆಳಿಗ್ಗೆ ಅವರ ಮನೆಗೆ ಹೋದರೆ, ಆಂಟಿ ಸಿಂಕಿನಲ್ಲಿ ಬಟ್ಟಲನ್ನು ಬೋರಲು ಹಾಕಿ ಹುಣಸೆಹಣ್ಣು, ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದಾರೆ!

"ನೋಡೇ, ತಳದ ಸುತ್ತ ಎಂಥ ಕೆಂಪು-ಕಂದು ಕಲೆ. ಇವರ ಮನೇಲಿ ಪಾತ್ರೆ ತೊಳೆಯಲ್ವಾ ಅನ್ಕೋತಾರೆ ಅಷ್ಟೇ."

ಟೈ ಕಟ್ಟಿಕೊಳ್ಳುತ್ತ ಬಂದ ಅಂಕಲ್ ಕಿರುಚಿದರು. "ಎಂಟುನೂರು ವರ್ಷದ್ದು ಕಣೇ ಅದು!"

"ಅದಕ್ಕೇ ಇಷ್ಟು ಕೊಳೆ."

ಅಂಕಲ್ ಕಸಿದುಕೊಳ್ಳಲು ಮುನ್ನುಗ್ಗಿದರು. ನಾನು ಅಡ್ಡ ನಿಂತೆ. "ತಡೀರಿ. ಆಂಟಿ, ಇನ್ನೂ ಜೋರಾಗಿ ತಿಕ್ಕಿ."

"ನಿಂಗೂ ತಲೆ ಕೆಟ್ಟಿತಾ?"

"ಮೆರುಗು ಹಚ್ಚದೆ ಬಿಟ್ಟ ಮಣ್ಣು ಬೆಂಕೀಲಿ ಹಂಗೆ ಕೆಂಪಾಗುತ್ತೆ ಅಂಕಲ್. ಮೋಸಕ್ಕೆ ಬಳಿದ ಬಣ್ಣ ಆದ್ರೆ ಹುಳಿಗೆ ಬಿಡುತ್ತೆ. ಬೆಂದ ಬಣ್ಣ ಬಿಡಲ್ಲ."

ಆಂಟಿ ಸೆರಗು ಸಿಕ್ಕಿಸಿ ತಿಕ್ಕಿದರು. ಕಂದು ನೀರು ಹರಿಯಿತು. ಅಂಕಲ್ ಕುರ್ಚಿ ಹಿಡಿದುಕೊಂಡರು.

"ಅದು ಹುಣಸೆಹಣ್ಣಿಂದು ಕಣ್ರೀ," ಅಂದರು ಆಂಟಿ.

ತೊಳೆದು ನೋಡಿದರೆ ತಳದ ಕೆಂಪು ಹಾಗೇ ಇತ್ತು.

"ಇದನ್ನೆಲ್ಲ ಕೆಮಿಸ್ಟ್ರೀಲಿ ಹೇಳ್ಕೊಡ್ತಾರಾ?" ಅಂಕಲ್ ಕಣ್ಣರಳಿಸಿದರು.

ಹೌದು ಅಂದಿದ್ದರೆ ಎಂ.ಎಸ್ಸಿ.ಗೆ ಇನ್ನೊಂದು ಗರಿ. ಆದರೂ ಹೇಳಿಬಿಟ್ಟೆ: "ಇಲ್ಲ ಅಂಕಲ್. ಫ್ಯಾಕ್ಟರಿ ಅಂದಿದ್ದು ಸುಳ್ಳು. ನಮ್ಮಪ್ಪ ಕುಂಬಾರರು. ತಳ ನೋಡೋದು ಕಲಿಸಿದ್ದು ಅವರೇ."

ಅಂಕಲ್ ಒಮ್ಮೆ ನನ್ನನ್ನು, ಒಮ್ಮೆ ಬಟ್ಟಲನ್ನು ನೋಡಿದರು. ಬಟ್ಟಲಿಗೆ ಆಂಟಿಯ ಹಳೇ ಸೀರೆ ಸುತ್ತಿ, ಪ್ರೆಷರ್ ಕುಕ್ಕರ್‌ನೊಳಗಿಟ್ಟು ಮುಚ್ಚಳ ಹಾಕಿದರು. ಕಾರಿನ ಕೀಲಿ ನನ್ನ ಕೈಯಿಂದ ಕಿತ್ತುಕೊಂಡರು.

"ಡ್ರೈವ್ ನಾನ್ ಮಾಡ್ತೀನಿ. ಕುಕ್ಕರ್ ನಿನ್ನ ತೊಡೆ ಮೇಲಿರ್ಲಿ."

ವಾಷಿಂಗ್ಟನ್ ಮುಟ್ಟುವಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದಿತ್ತು. ತಜ್ಞರು ಮೊದಲು ಮಾಡಿದ್ದೇ ಬಟ್ಟಲನ್ನು ಬೋರಲು ಹಾಕಿ ತಳ ನೋಡಿದ್ದು. ನಿಜವಾದದ್ದೇ ಅಂದರು, ಆಮೇಲೆ ಯಾಕೋ ಮೂಸಿದರು. ಅಂಕಲ್ ಎದೆಯುಬ್ಬಿಸಿ, ನನ್ನ ಡಿಗ್ರಿಯ ಸುದ್ದಿಯನ್ನೇ ಎತ್ತದೆ, ನನ್ನ ಭುಜ ತಟ್ಟಿ ಹೇಳಿದರು: "ಇವಳು ಕುಂಬಾರರ ಮಗಳು."