ಲಿವರಿಗೆ ಮುಯ್ಯಿ ಇಲ್ಲ

ಚೆನ್ನೈನ ಆಸ್ಪತ್ರೆಯಲ್ಲಿ ನಮ್ಮನ್ನು ಯಾವ ಊರು, ಯಾರ ಮನೆಯವರು ಎಂದು ಯಾರೂ ಕೇಳಲಿಲ್ಲ. "ಕೊಡೋರು ಯಾರು, ತಗೊಳ್ಳೋರು ಯಾರು?" ಅಷ್ಟೇ. ನಮ್ಮೂರು ಮಿಡಿಗೇಶಿಯಲ್ಲಿ ಬಸ್ಸಿಳಿದರೆ ಟೀ ಅಂಗಡಿಯವನೂ ಮುತ್ತಜ್ಜನವರೆಗೆ ವಿಚಾರಿಸುತ್ತಾನೆ. ಇಲ್ಲಿ ನಾನು ಕೊಡುವವಳು, ತಂಗಿ ಸುಜಾತ ತಗೊಳ್ಳುವವಳು. ನನ್ನ ಲಿವರಿನ ಒಂದು ಭಾಗ ಕತ್ತರಿಸಿ ಅವಳಿಗೆ ಜೋಡಿಸಬೇಕಿತ್ತು. ಇಬ್ಬರ ಬಳೆಗಳನ್ನೂ ಬಿಚ್ಚಿಸಿ, ಯಾವುದು ಯಾರದೆಂದೂ ನೋಡದೆ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಾಗ ನನಗೆ ಅಳುವಲ್ಲ, ಸಿಟ್ಟು ಬಂತು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಕೋಣೆ ಹಿಡಿದಿದ್ದೆವು. ನಲ್ಲಿಯಲ್ಲಿ ಉಪ್ಪುನೀರು. ನಮ್ಮ ಪಾವಗಡ ಸೀಮೆಯ ಗಡಸು ನೀರನ್ನು ಜನ್ಮವೆಲ್ಲಾ ಬೈದವಳು ಇಲ್ಲಿ ಅದನ್ನೇ ನೆನೆದೆ. ಅಂಗಡಿಯಲ್ಲಿ ರಾಗಿಹಿಟ್ಟು ಸಿಗಬೇಕಾದರೆ 'ಕೇಳ್ವರಗು' ಅನ್ನಬೇಕು, ತಮಿಳಿನವರು ರಾಗಿಗೆ ಹಾಗೇ ಅನ್ನೋದು. ಅದನ್ನು ಕಲಿತ ದಿನ ನಮ್ಮ ಯಜಮಾನರು ಮುದ್ದೆ ತಿರುವಿದರು, ಬರೀ ಗಂಟು. ಆದರೂ ಈ ಊರನ್ನು ಗೆದ್ದೆ ಅನ್ನಿಸಿತು.

ಆಪರೇಷನ್ ಆಗಿ ವಾರ ತುಂಬಿರಲಿಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರು "ಅಡೈಪ್ಪು" ಅಂದರು, ಎಂದರೆ ಕಟ್ಟಿಕೊಂಡಿದೆ. ಹೊಸ ಲಿವರಿಗೆ ರಕ್ತ ಒಯ್ಯುವ ನಾಳ ಹೆಪ್ಪುಗಟ್ಟಿ ಮುಚ್ಚಿತ್ತು. ಹನಿ ನೀರಿನ ಪೈಪು ಕಟ್ಟಿದರೆ ಗಿಡದ ಗತಿ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ತೊಡೆಯ ನಾಳದಿಂದ ಸಣ್ಣ ಕೊಳವೆ ಹಾಯಿಸಿ ಹೆಪ್ಪು ಕರಗಿಸಬೇಕು, ನಾಳ ಮತ್ತೆ ಮುಚ್ಚದ ಹಾಗೆ ಸ್ಟೆಂಟ್ ಇಡಬೇಕು. ಹೊಲಿಗೆ ಇನ್ನೂ ಹಸಿ, ಒಳಗೆ ರಕ್ತ ಸೋರಬಹುದು. ಬಿಟ್ಟರೆ ಲಿವರ್ ಸಾಯುತ್ತದೆ, ಅವಳೂ ಉಳಿಯೋದಿಲ್ಲ.

ಸುಜಾತ ಒಲ್ಲೆ ಅಂದಳು! "ಸಾಕು ಕಣಕ್ಕ, ಊರ್ಗೆ ಕರ್ಕೊಂಡೋಗ್ಬುಡು. ಕೊಟ್ಟಿದ್ದನ್ನೂ ಹಾಳು ಮಾಡ್ಕೊಂಡೆ. ಇನ್ನು ಎಷ್ಟು ಅಂತ ತಗೊಳ್ಲಿ? ನಿನ್ ಮುಯ್ಯಿ ಹೆಂಗೆ ತೀರಿಸ್ಲಿ?"

ನಮ್ಮ ಕಡೆ ಮುಯ್ಯಾಳು ಅಂತ ಇದೆ. ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ. ಬಂದವರ ಹೊಲಕ್ಕೆ ಹೋಗದವರು ತಲೆ ಎತ್ತಿ ತಿರುಗೋ ಹಾಗಿಲ್ಲ. ಇವಳು ಐಸಿಯುನಲ್ಲಿ ಮಲಗಿ ಅದೇ ಲೆಕ್ಕ ಹಾಕುತ್ತಿದ್ದಳು.

ಹೊಟ್ಟೆಯ ಹೊಲಿಗೆ ಒತ್ತಿ ಹಿಡಿದುಕೊಂಡು ಅವಳ ಹಾಸಿಗೆ ಹತ್ತಿರ ಹೋದೆ. ನೋವಿಗಿಂತ ಕೋಪ ಜಾಸ್ತಿ ಇತ್ತು. "ಲೇ, ನಾನೇನು ಕಳ್ಳೇಕಾಯಿ ಹೊಲಕ್ಕೆ ಕಳೆ ಕೀಳಾಕೆ ಬಂದಿದ್ನಾ? ಅದು ನಿಂದಲ್ಲ, ನಂದು. ನನ್ ಲಿವರ್ ಸಾಯಿಸಾಕೆ ನೀನ್ಯಾವಳೇ? ಬಾಯ್ಮುಚ್ಕೊಂಡು ಹೂಂ ಅನ್ನು!"

ನರ್ಸಮ್ಮ ಹೆದರಿ ನನ್ನನ್ನು ಆಚೆ ಎಳೆದಳು. ಸುಜಾತ ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ಆಮೇಲೆ ಹೂಂ ಅಂದಳು.

ಸಂಜೆ ಸ್ಟೆಂಟ್ ಇಟ್ಟು ಮುಗಿಸಿ ಡಾಕ್ಟರು ಪರದೆಯಲ್ಲಿ ತೋರಿಸಿದರು. ರಕ್ತ ಹರಿಯುತ್ತಿತ್ತು. ಅವರಿಗೆ ನಮಸ್ಕಾರ ಹೇಳುವುದನ್ನೂ ಮರೆತು ಸುಜಾತಳಿಗೆ ಹೇಳಲು ಹೊರಟೆ.

ಈಗ ಅವಳು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾ ಆಸ್ಪತ್ರೆ ಹತ್ತಿರವೇ ಇದ್ದಾಳೆ. ನಾಳ ಮತ್ತೆ ಮುಚ್ಚಬಹುದಂತೆ, ಆಗಾಗ ಸ್ಕ್ಯಾನ್ ಆಗಬೇಕು. ನಾನು ಅಲ್ಲಿಗೂ ಇಲ್ಲಿಗೂ ಓಡಾಡುತ್ತೇನೆ. ಮೊನ್ನೆ ಮಿಡಿಗೇಶಿಗೆ ಬಂದಾಗ ಪಕ್ಕದ ಮನೆಯಾಕೆ, "ಒಂದ್ ತುಂಡು ಅಲ್ಲೇ ಬುಟ್ಬಂದಿದೀಯ, ಈಗ ಯಾವೂರೋಳೇ ನೀನು?" ಎಂದು ಕಿಚಾಯಿಸಿದಳು.

"ನನ್ ತಂಗಿ ಉಸಿರಾಡೋ ಊರೆಲ್ಲಾ ನಂದೇ ಕಣಮ್ಮ," ಅಂದೆ, ಬೀದಿಗೆಲ್ಲಾ ಕೇಳುವ ಹಾಗೆ.

ಆಕೆ ಹೋದ ಮೇಲೆ ನಾನು ಅತ್ತುಬಿಟ್ಟೆ. ಮಾರನೆ ದಿನ ಸುಜಾತಳಿಗೆ ಸ್ಕ್ಯಾನ್ ಇತ್ತು. ನಾನು ಇಲ್ಲಿದ್ದೆ, ನನ್ನ ಲಿವರ್ ಅಲ್ಲಿತ್ತು.