ಆ ವರ್ಷದಲ್ಲೇ ಉಳಿದ ಕಾಕು

ಕಳೆದ ತಿಂಗಳು ಸಿಂದಗಿಯ ನನ್ನ ಬಾಡಿಗೆ ಮನೆಗೆ ಒಂದು ಪಾರ್ಸಲ್ ಬಂತು. ಒಳಗಿದ್ದದ್ದು ಒಂದು ಡಿಸ್ಕು. ಮರುಭೂಮಿಯ ನಡುವಿನ ಟ್ರ್ಯಾಕಿನಲ್ಲಿ ಹಗಲೂ ರಾತ್ರಿ ಎಡೆಬಿಡದೆ ಓಡುವ ಕಾರ್ ರೇಸಿನ ಸಾಕ್ಷ್ಯಚಿತ್ರ. ಹಳೆಯದನ್ನೇ ಸ್ವಚ್ಛ ಮಾಡಿ, ಹೊಳಪು ಕೊಟ್ಟು, ಮನೆಯಲ್ಲಿ ನೋಡುವವರಿಗೆಂದು ಮತ್ತೆ ಬಿಡುಗಡೆ ಮಾಡಿದ್ದರು. ಡಬ್ಬಿ ಬಿಚ್ಚಿದೆ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಎಲ್ಲಿಂದಲೋ ಕುಟ್ಟಿದ ಶೇಂಗಾ ಹಿಂಡಿಯ, ಅದೇ ಚಟ್ನಿಪುಡಿಯ, ವಾಸನೆ... ಅದು ಡಬ್ಬಿಯದಲ್ಲ. ಕಾಕುವಿನದು.

ನಮ್ಮೂರು ಇಂಡಿಯಲ್ಲಿ ನಮ್ಮ ಮನೆಗೂ ಕಾಕುವಿನ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನೂ ಇಲ್ಲದಿದ್ದರೂ, ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ಅವಳನ್ನು ಕಾಕು ಎನ್ನುತ್ತಿದ್ದೆವು. ಅವಳ ಗಂಡ ನಮಗೆ ಕಾಕಾ, ಅವಳ ಅತ್ತೆ ಎಲ್ಲರಿಗೂ ಆಯಿ. ಕಾಕಾ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು. ಆಮೇಲೆ ಕೊಲ್ಲಾಪುರದ ಗ್ಯಾರೇಜಿಗೆ ಹೋದರು, ಅಲ್ಲಿಂದ ದುಬೈಗೆ. ಅಲ್ಲಿನ ದೊಡ್ಡ ರೇಸಿನ ದಿನಗಳಲ್ಲಿ ಟೈರು ಬದಲಿಸಲು ತಮ್ಮನ್ನೂ ಕರೆಯುತ್ತಾರೆಂದು ಫೋನಿನಲ್ಲಿ ಹೇಳಿದ್ದರಂತೆ. ಪ್ರತಿ ಶುಕ್ರವಾರ ಫೋನ್ ಬರುತ್ತಿತ್ತು. ಒಂದು ಶುಕ್ರವಾರ ಬರಲಿಲ್ಲ. ಮುಂದಿನ ವಾರವೂ ಇಲ್ಲ. ದುಬೈನ ಗ್ಯಾರೇಜಿನವರು, ಕೆಲಸ ಬಿಟ್ಟು ಹೋದ, ಎಂದರು. ಎಲ್ಲಿಗೆ ಎಂದರೆ ಯಾರಿಗೂ ಗೊತ್ತಿಲ್ಲ. ಸತ್ತ ಸುದ್ದಿಯೂ ಇಲ್ಲ, ಬದುಕಿದ ಸುದ್ದಿಯೂ ಇಲ್ಲ. ಹಾಗೇ ವರ್ಷಗಳು ಕಳೆದವು.

ನಾನಾಗ ಡಿಗ್ರಿ ಓದುತ್ತಿದ್ದೆ. ಗಾಡಿಗಳ ಹುಚ್ಚಿದ್ದ ನಮ್ಮಣ್ಣ ವಿಜಯಪುರದಿಂದ ಆ ಸಾಕ್ಷ್ಯಚಿತ್ರದ ಡಿಸ್ಕು ತಂದು ಟಿವಿಗೆ ಹಚ್ಚಿದ್ದ. ಕಾಕು ಬಟ್ಟಲಲ್ಲಿ ಶೇಂಗಾ ಹಿಂಡಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಏ, ನಿಲ್ಲಸು! ಹಿಂದಕ್ಕ ತಗೋ!”

ಅಣ್ಣ ಹಿಂದಕ್ಕೆ ತೆಗೆದ. ಕಾರೊಂದು ಟೈರು ಬದಲಿಸಲು ಬಂದು ನಿಲ್ಲುತ್ತದೆ. ಚಿತ್ರದ ತಳದಲ್ಲಿ ಒಬ್ಬರು ಚಕ್ರದ ಪಕ್ಕ ಮೊಣಕಾಲೂರಿ ಕೂತಿದ್ದಾರೆ. ಮೇಲಿನಿಂದ ಯಾರೋ ನೀರಿನ ಬಾಟಲಿ ಚಾಚುತ್ತಾರೆ. ಕೂತವರು ಗಟಗಟ ಕುಡಿದು ತೋಳಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ. ಅಷ್ಟೇ. ಕಾರು ಹೋಗುತ್ತದೆ, ಚಿತ್ರ ಮುಂದೆ ಸಾಗುತ್ತದೆ.

“ನಿಮ್ಮ ಕಾಕಾ,” ಎಂದಳು ಕಾಕು. ಹೌದು, ಕಾಕಾನೇ. ನಾವೂ ಗುರುತಿಸಿದೆವು. ಅವಳು ಓಡಿಹೋಗಿ ಆಯಿಯ ಕೈ ಹಿಡಿದು ಕರೆತಂದಳು.

ಅದಕ್ಕೊಂದು ಕಾರಣವಿತ್ತು. ಆಯಿಗೆ ಮೇಲಿಂದ ಮೇಲೆ ಒಂದೇ ಕನಸು ಬೀಳುತ್ತಿತ್ತು. ಮಗ ಹೊಸ್ತಿಲ ಹೊರಗೆ ನಿಂತು ನೀರು ಕೇಳುತ್ತಾನೆ, ಎಷ್ಟು ಕರೆದರೂ ಒಳಗೆ ಬರುವುದಿಲ್ಲ. “ಅಂವ ಇಲ್ಲ. ಇದ್ದಿದ್ರ ಒಳಗ ಬರ್ತಿದ್ದ. ಅವನ ದಿನ ಮಾಡಿ ಕಳಿಸೋಣ,” ಎಂದು ಆಯಿ ಅಳುತ್ತಿದ್ದಳು. ಕಾಕಾನ ಅಣ್ಣ, ಅಂದರೆ ಕಾಕುವಿನ ಭಾವನೂ ಅದಕ್ಕೇ ಹಟ ಹಿಡಿದಿದ್ದ. ಸತ್ತವರಿಗೆ ಮಾಡುವ ಆ ದಿನ ಮಾಡಿದರೆ ಕಾಕು ಕುಂಕುಮ ಅಳಿಸಬೇಕು, ಬಳೆ ಒಡೆಯಬೇಕು.

ಕಾಕು ಟಿವಿಯ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದಳು. “ನೋಡ್ರಿ ಅತ್ತಿ. ನೀರು ಕುಡಿಯಾಕತ್ತಾರ. ಯಾರೋ ಕೊಟ್ಟಾರ.”

ಆಯಿ ನೋಡಿದಳು. ಆಮೇಲೆ ಎದ್ದುಹೋದಳು.

ಮರುದಿನ ಭಾವ ಬಂದು ಡಬ್ಬಿಯನ್ನು ನನ್ನ ಕೈಗಿತ್ತು ಓದಿಸಿದ. ಅದು ಯಾವ ವರ್ಷದ ರೇಸು ಎಂದು ಅದರ ಮೇಲಿತ್ತು. ಫೋನು ನಿಲ್ಲುವುದಕ್ಕೂ ಹಿಂದಿನ ವರ್ಷದ್ದು. ಇದ್ದದ್ದನ್ನು ಇದ್ದಂತೆ ಹೇಳಿದೆ.

“ಕೇಳಿದ್ಯಾ? ಹಳೇದೈತಿ ಅದು. ಇನ್ನರ ಒಪ್ಪು,” ಎಂದ ಭಾವ.

ಕಾಕು ದನಿ ಏರಿಸಲಿಲ್ಲ. “ಆ ವರ್ಷದಾಗ ಅವರು ಅದಾರಲ್ಲ? ನಾ ಅಲ್ಲೇ ಇರ್ತೇನಿ. ನೀವು ಮುಂದ ಹೋಗ್ರಿ.”

ಅಂದಿನಿಂದ ಮಧ್ಯಾಹ್ನ ಕೆಲಸ ಮುಗಿಸಿ ಅವಳು ನಮ್ಮ ಮನೆಗೆ ಬಂದು ಕೂಡುತ್ತಿದ್ದಳು. ಬರೀ ಆ ತುಣುಕನ್ನಲ್ಲ, ರೇಸನ್ನು ಮೊದಲಿನಿಂದ ನೋಡುತ್ತಿದ್ದಳು. ಕಾರು ಹೆಚ್ಚು ಹೊತ್ತು ಟ್ರ್ಯಾಕಿನಲ್ಲೇ ಉಳಿದರೆ ಚಡಪಡಿಸುತ್ತಿದ್ದಳು. ಅದು ಬಂದು ನಿಂತಾಗ ಕೂತಲ್ಲೇ ತುಸು ಮುಂದಕ್ಕೆ ಸರಿದು, ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಬಾಟಲಿ ಕೆಳಗಿಳಿಯುವಾಗ “ಸಾವಕಾಶ ಕುಡೀರಿ” ಎನ್ನುತ್ತಿದ್ದಳು. ಕೋಣೆಯಲ್ಲಿ ನಾವಿಬ್ಬರಲ್ಲದೆ ಇನ್ನೊಬ್ಬರಿದ್ದಾರೆ ಎನ್ನಿಸಿ ಹಿಂತಿರುಗಿ ನೋಡುತ್ತಿದ್ದೆ...

ಭಾವನ ಕಾಟ ನಿಲ್ಲಲಿಲ್ಲ. ಕೊನೆಗೆ ಕಾಕು ತವರಿಗೆ, ಬಾಗೇವಾಡಿ ಕಡೆಯ ಗೊಳಸಂಗಿಗೆ, ಹೊರಟುನಿಂತಳು. ಅವ್ವ ಆ ಡಿಸ್ಕಿನ ಜೊತೆ ನಮ್ಮ ಪ್ಲೇಯರನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟಳು. ನನಗೆ ಕೆಲಸ ಸಿಕ್ಕು ಸಿಂದಗಿಗೆ ಬಂದ ಮೇಲೂ ರಜೆಯಲ್ಲಿ ಗೊಳಸಂಗಿಗೆ ಹೋಗಿಬರುತ್ತಿದ್ದೆ. ಕಾಕುವಿನ ಕೂದಲು ಬೆಳ್ಳಗಾಯಿತು. ಹಣೆಯ ಕುಂಕುಮ ಮಾತ್ರ ಹಾಗೇ ಇತ್ತು. ಕಡೆಯ ಸಲ ಹೋದಾಗ ಡಿಸ್ಕು ಗೀರುಬಿದ್ದು ಓಡುತ್ತಿರಲಿಲ್ಲ. “ಹೊಸಾದು ಎಲ್ಲೆರ ಸಿಕ್ರ ತರಸವ್ವ,” ಎಂದಿದ್ದಳು. ಎಷ್ಟು ಹುಡುಕಿದರೂ ಆಗ ಸಿಗಲಿಲ್ಲ.

ಹೋದ ವರ್ಷ ಕಾಮಾಲೆಯಾಗಿ ಕಾಕು ತೀರಿಕೊಂಡಳು. ನಾನು ಹೋಗುವ ಹೊತ್ತಿಗೆ ಪದ್ಧತಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ಕುಂಕುಮ ಹಚ್ಚಬೇಕೋ ಬೇಡವೋ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಷ್ಟರಲ್ಲಿ ಇಂಡಿಯಿಂದ ಜೀಪು ಬಂತು. ಆಯಿ ಇಬ್ಬರ ಆಸರೆಯಲ್ಲಿ ಇಳಿದು ಬಂದು, ಯಾಕೆ ತಡ ಎಂದು ಕೇಳಿದಳು. ಯಾರೋ ಮೆಲ್ಲಗೆ ಹೇಳಿದರು.

“ಹಚ್ರಿ. ಹಡದಾಕಿ ನಾ ಹೇಳಾಕತ್ತೇನಿ.”

ಯಾರೂ ಮುಂದೆ ಬರಲಿಲ್ಲ. ಆಯಿ ತಾನೇ ಕುಂಕುಮದ ಭರಣಿ ಕೇಳಿ ತೆಗೆದುಕೊಂಡು ಸೊಸೆಯ ಹಣೆತುಂಬ ಹಚ್ಚಿದಳು.

ಈ ಡಿಸ್ಕು ಮತ್ತೆ ಬಿಡುಗಡೆಯಾಗಿರುವುದು ನನಗೆ ತಿಳಿದದ್ದು ಅದಾದ ಮೇಲೆ. ನೋಡುವವಳೇ ಇಲ್ಲ. ಆದರೂ ತರಿಸಿದೆ. ಅವ್ವನಿಂದ ಸುದ್ದಿ ತಿಳಿದು, ತಂದು ಹಚ್ಚು ಎಂದು ಆಯಿ ಹೇಳಿ ಕಳಿಸಿದ್ದಳು. ರವಿವಾರ ಬಸ್ಸು ಹತ್ತಿ ಇಂಡಿಗೆ ಹೋಗಿ, ಆಯಿಯ ಪಕ್ಕ ಕೂತು ಹಚ್ಚಿದೆ. ಚಿತ್ರ ಕನ್ನಡಿಯಷ್ಟು ನಿಚ್ಚಳವಾಗಿತ್ತು. ಮರಳಿನ ಕಣಕಣವೂ ಕಾಣುತ್ತಿತ್ತು. ಕಾರು ಬಂದು ನಿಂತಿತು. ಆದರೆ ಹಿಂದಿನ ಚೌಕ ಚಿತ್ರವನ್ನು ಈಗಿನ ಅಗಲ ಟಿವಿಗೆ ಹೊಂದಿಸಲು ಮೇಲೂ ಕೆಳಗೂ ಕತ್ತರಿಸಿಬಿಟ್ಟಿದ್ದರು. ಕಾರಿನ ಕಿಟಕಿ ಇತ್ತು, ನಿಂತವರ ಎದೆ, ತೋಳು ಇದ್ದವು. ಬಾಟಲಿ ಹಿಡಿದ ಕೈಯೊಂದು ಕೆಳಗೆ ಬಾಗಿತು. ಬಾಟಲಿ ಬರಿದಾಗಿ ಮೇಲೆ ಬಂತು. ಕುಡಿದವರು ಕಾಣಲಿಲ್ಲ. ಎರಡು ಸಲ ಹಿಂದಕ್ಕೆ ತೆಗೆದು ನೋಡಿದೆ.

ಆಯಿಯ ಕಣ್ಣಿಗೆ ಪೊರೆ ಬಂದಿದೆ. ಟಿವಿಯ ಕಡೆ ಮುಖವಿಟ್ಟು ಕೇಳಿದಳು, “ಅದಾನೇನ?”

“ಕಾಣಾಂಗಿಲ್ಲ ಆಯಿ. ಕೆಳಗಿಂದು ಕತ್ತರಸ್ಯಾರ.”

ಕಾರುಗಳು ಮೊರೆಯುತ್ತಲೇ ಇದ್ದವು.

“ಕತ್ತರಸಿಲ್ಲ,” ಎಂದಳು ಆಯಿ. “ಆಕಿ ಹೋದ ಮ್ಯಾಲ ಅಂವ ಎದ್ದು ಹೋಗ್ಯಾನ.”

ಟಿವಿ ಬಂದ್ ಮಾಡಿದೆ. ಮನೆಯಲ್ಲಿ ನಾವಿಬ್ಬರೇ ಇದ್ದೆವು.