ಏಡನ್ನಿಗೆ ಹೊರಟ ಸೊಣ್ಣಮ್ಮ

ಏಡನ್ನಿನಲ್ಲಿ ಮತ್ತೆ ಬಾಂಬು ಸಿಡಿದಿದೆ ಎಂಬ ಸುದ್ದಿಯನ್ನು ಕೆಂಪಾಪುರಕ್ಕೆ ತಂದವನು ಚಿಕ್ಕಹನುಮಯ್ಯ. ಹೆಬ್ಬಾಳದ ಹೋಟೆಲಿನ ರೇಡಿಯೋದಲ್ಲಿ ಕೇಳಿದವನೇ ನೆಟ್ಟಗೆ ತಮ್ಮನ ತೋಟಕ್ಕೆ ಬಂದು ಬದುವಿನ ಮೇಲೆ ನಿಂತ. ಅದು 1966ರ ಆಷಾಢ. ತಮ್ಮ ಮುನಿಶಾಮಪ್ಪ ಮಡಿಗೆ ನೀರು ತಿರುಗಿಸುತ್ತಿದ್ದ. ತಮ್ಮನ ಹೆಂಡತಿ ಸೊಣ್ಣಮ್ಮ ಕೆರೆಯ ಕಾಲುವೆಯಲ್ಲಿ ಮೊಳಕಾಲುದ್ದ ಇಳಿದು ಮಾರನೆಯ ದಿನದ ಸಂತೆಗೆ ಮೂಲಂಗಿ ತೊಳೆಯುತ್ತಿದ್ದಳು.

ಅರಬರ ನಾಡಿನ ಆ ಬಂದರು ಊರಿನಲ್ಲಿ ಅವರ ಒಬ್ಬಳೇ ಮಗಳು ಗಂಗರತ್ನ ಎರಡು ವರ್ಷದಿಂದ ನರ್ಸಾಗಿದ್ದಳು. ಚಿಕ್ಕಹನುಮಯ್ಯ ಹೇಳಬೇಕಾದ್ದನ್ನೆಲ್ಲ ಹೇಳಿದ. ಇಂಗ್ಲಿಷರನ್ನು ಅಲ್ಲಿಂದ ಓಡಿಸಬೇಕೆಂದು ಅಲ್ಲಿಯವರು ಬೀದಿಗೆ ಇಳಿದಿದ್ದಾರಂತೆ, ಯಾರ ಚೀಲದಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲವಂತೆ. ಹೆಣ್ಣುಮಗಳನ್ನು ಸಮುದ್ರ ದಾಟಿಸಿದವರು ಈಗಲಾದರೂ ತಂತಿ ಕೊಟ್ಟು ಕರೆಸಿಕೊಳ್ಳಬೇಕು, ಬರದಿದ್ದರೆ ಗಂಡಸು ಯಾರಾದರೂ ಹೋಗಿ ಎಳೆದುಕೊಂಡು ಬರಬೇಕು. ಸೊಣ್ಣಮ್ಮ ಮೂಲಂಗಿ ಕಟ್ಟನ್ನು ಕುಕ್ಕೆಗೆ ಹಾಕಿ, ಸೀರೆ ಇಳಿಬಿಟ್ಟುಕೊಂಡು ಮೇಲೆ ಬಂದಳು.

"ಗಂಡಸ್ರು ಯಾಕ್ ಓಗ್ಬೇಕು ಬಾವ? ನಾನೇ ಓಗ್ತೀನಿ," ಅಂದಳು.

ಆ ಮಾತು ಬಾಯಿಗೆ ಬರುವವರೆಗೂ ಹೋಗಬೇಕೆಂದು ಅವಳೂ ಯೋಚಿಸಿದವಳಲ್ಲ. ಆದರೆ ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಗಂಗರತ್ನಳನ್ನು ಹದಿನೈದಕ್ಕೆ ತಣಿಸಂದ್ರಕ್ಕೆ ಮದುವೆ ಮಾಡಿಕೊಟ್ಟಿದ್ದರು. ಎಂಟು ತಿಂಗಳಿಗೆ ಗಂಡ ವಿಷಮಶೀತ ಜ್ವರದಲ್ಲಿ ಸತ್ತ. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಹುಡುಗಿಯನ್ನು ಒಂದು ಟ್ರಂಕಿನ ಜೊತೆ ತವರಿಗೆ ತಂದು ಇಳಿಸಿದರು. ಇನ್ನು ಅವಳು ಹಿತ್ತಲಿನ ಕಡೆ ಇರಲಿ ಎಂದು ಹಿರಿಯರು ತೀರ್ಮಾನ ಮಾಡಿದರು. ಸೊಣ್ಣಮ್ಮ ಎದುರು ಮಾತಾಡಲಿಲ್ಲ. ಜೂನ್ ತಿಂಗಳು ಬಂದಾಗ ಮಗಳ ಕೈ ಹಿಡಿದು ಹೆಬ್ಬಾಳದ ಶಾಲೆಗೆ ನಡೆದಳು. ತನಗಿಂತ ನಾಲ್ಕು ವರ್ಷ ಚಿಕ್ಕವರ ನಡುವೆ ಕೂತು ಹುಡುಗಿ ಓದಿದಳು. ಆ ಶಾಲೆಯ ಟೀಚರ್ ಪಂಕಜಾ, ಗಂಗಾನಗರದವಳು, ಇವಳಿಗೆ ನರ್ಸ್ ತರಬೇತಿಗೆ ಸೇರಲು ದಾರಿ ತೋರಿಸಿದಳು, ಅದೇ ದಾರಿ ಮುಂದೆ ಅವಳನ್ನು ಏಡನ್ನಿನ ಆಸ್ಪತ್ರೆಗೆ ಮುಟ್ಟಿಸಿತು. ಆಗ ಬಂತು ನೋಡಿ ಗಲಾಟೆ. ಕಂಡ ಕಂಡ ಗಂಡಸರ ಮೈ ಮುಟ್ಟುವ ಕೆಲಸ ನಮ್ಮ ಮನೆತನಕ್ಕೆ ಬೇಡ ಎಂದು ಚಿಕ್ಕಹನುಮಯ್ಯ ಪಟ್ಟು ಹಿಡಿದ. ಜ್ವರದಲ್ಲಿ ಬಿದ್ದವನನ್ನು ಯಾರೂ ಮುಟ್ಟದೆ ಬಿಟ್ಟಿದ್ದಕ್ಕೇ ಅಲ್ಲವೇ ತಣಿಸಂದ್ರದ ಹುಡುಗ ಹೋದದ್ದು ಎಂದು ಸೊಣ್ಣಮ್ಮ ಕೇಳಿದಳು. ಅದಾದ ಮೇಲೆ ಮೂರು ವರ್ಷ ನೆಂಟರು ಯಾರೂ ಅವರ ಮನೆಯಲ್ಲಿ ಕೈ ತೊಳೆಯಲಿಲ್ಲ. ಅಷ್ಟರಮಟ್ಟಿಗೆ ಅಡುಗೆ ಕೆಲಸ ಕಡಿಮೆಯಾಯಿತು ಎಂದು ಅವಳು ಸಂತೆಯಲ್ಲಿ ಹೇಳಿಕೊಂಡು ನಗುತ್ತಿದ್ದಳು. ಮನೆಯಲ್ಲಿ ನಗುತ್ತಿರಲಿಲ್ಲ.

ಏಡನ್ ಎಲ್ಲಿದೆ ಎಂದು ಅವಳಿಗೆ ತೋರಿಸಿದವನು ಜಟಕಾ ಲಾಲ್ ಸಾಬ್. ಯುದ್ಧದ ಕಾಲದಲ್ಲಿ ಪಟಾಲಂನ ಹೇಸರಗತ್ತೆಗಳ ಜೊತೆ ಹಡಗಿನಲ್ಲಿ ಹೋಗಿ ಬಂದಿದ್ದವನು. ಚಾಟಿಯ ಹಿಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆದು, ಇದು ಬೊಂಬಾಯಿ, ಇದಿಷ್ಟೂ ನೀರು, ಇಲ್ಲಿ ಕಪ್ಪು ಬೆಟ್ಟ, ಬೆಟ್ಟದ ಕಾಲಡಿ ಊರು ಎಂದ. ಅಲ್ಲಿ ಮರ ಇಲ್ಲ ಅಂದದ್ದನ್ನು ಮಾತ್ರ ಸೊಣ್ಣಮ್ಮನಿಗೆ ನಂಬಲಾಗಲಿಲ್ಲ. ಸೊಪ್ಪು ಎಲ್ಲಿಂದ ತರುತ್ತಾರೆ ಎಂದು ಎರಡು ಸಲ ಕೇಳಿದಳು. ಹಡಗಿನಲ್ಲಿ ಹೊಟ್ಟೆ ತೊಳೆಸಿದರೆ ಮಲಗಬೇಡ, ನೀರೂ ಆಕಾಶವೂ ಸೇರುವ ಗೆರೆಯನ್ನೇ ನೋಡುತ್ತ ಕೂರು ಎಂದು ಅವನು ಹೇಳಿಕೊಟ್ಟ. ಹೋಗಬೇಡ ಎನ್ನದೆ ಹೋಗುವುದು ಹೇಗೆಂದು ಹೇಳಿದವನು ಸುತ್ತಮುತ್ತಲಲ್ಲೆಲ್ಲ ಅವನೊಬ್ಬನೇ.

ಪಂಕಜಾ ಟೀಚರ್ ಕೂಡ ಮೊದಲು ಹಿಂಜರಿದಳು. ಪಾಸ್‌ಪೋರ್ಟಿಗೆ ಮದರಾಸಿಗೆ ಅರ್ಜಿ ಹಾಕಬೇಕು, ಫೋಟೋ ಬೇಕು, ಪೊಲೀಸರ ವಿಚಾರಣೆ ಇರುತ್ತದೆ, ಅದೆಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ನಿಮ್ಮನ್ನು ಇರಿಸಿಕೊಂಡು ನೋಡಿಕೊಳ್ಳುತ್ತೇನೆಂದು ಮಗಳು ಬರೆದ ಪತ್ರ ಬೇಕು, ಆ ಊರೊಳಗೆ ಬಿಡುವ ಅನುಮತಿಯನ್ನೂ ಅವಳೇ ಕಳಿಸಬೇಕು ಎಂದು ವಿವರಿಸಿದಳು. ಅಷ್ಟೇನಾ, ಶುರು ಮಾಡಿ ಅಂದಳು ಸೊಣ್ಣಮ್ಮ. ಅರ್ಜಿಗೆ ಹೆಬ್ಬೆಟ್ಟು ನಡೆಯುತ್ತದೆ ಎಂದರೂ ಒಪ್ಪಲಿಲ್ಲ. ಮಗಳು ದಿನವೂ ಕಾಗದಕ್ಕೆ ರುಜು ಹಾಕುವ ಕಡೆ ತಾನು ಹೆಬ್ಬೆಟ್ಟು ಇಟ್ಟುಕೊಂಡು ಹೋಗುವುದಿಲ್ಲ ಎಂದಳು. ಹಾಗಾಗಿ ಶ್ರಾವಣ ಪೂರ್ತಿ, ಸೊಪ್ಪು ಮಾರಿ ಬರುವ ದಾರಿಯಲ್ಲಿ ಟೀಚರ ಮನೆಯ ಜಗಲಿಯ ಮೇಲೆ ಸ್ಲೇಟು ಹಿಡಿದು ಕೂತಳು. ಇದ್ದದ್ದು ಮೂರೇ ಅಕ್ಷರ, ಆದರೆ ಎರಡಕ್ಕೆ ಕೆಳಗೆ ಒತ್ತು, ಒಂದಕ್ಕೆ ಮೇಲೆ ಎತ್ವ, ಪಕ್ಕಕ್ಕೆ ಕೊಂಬು. ನಮ್ಮಪ್ಪ ಇನ್ನೊಂಚೂರು ಸಲೀಸಾದ ಹೆಸರು ಇಡಬಾರದಿತ್ತೇ ಎಂದು ಬೈದುಕೊಳ್ಳುತ್ತಲೇ ಕಲಿತಳು.

ಯಶವಂತಪುರದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದರು. ಹುಟ್ಟಿದ ಮೇಲೆ ಅವಳದು ಅದೇ ಮೊದಲ ಫೋಟೋ. ಸೆರಗು ಹೊದ್ದು ತಲೆ ತಗ್ಗಿಸಮ್ಮ ಎಂದು ಫೋಟೋದವನು ಹೇಳಿದರೆ, ಸರ್ಕಾರ ಕೇಳಿರುವುದು ನನ್ನ ಮುಖವನ್ನು, ಸೆರಗನ್ನಲ್ಲ ಎಂದು ನೇರ ನೋಡುತ್ತ ಕೂತಳು.

ಪತ್ರ ಕಳಿಸೆಂದು ಪಂಕಜಾಳ ಕೈಯಲ್ಲಿ ಬರೆಸಿದ್ದಕ್ಕೆ ಬಂದ ಮಗಳ ಉತ್ತರ ಮಾತ್ರ ಕೈಕೊಟ್ಟಿತು. ಪಂಕಜಾ ಕಾಗದ ಒಡೆದು, ತಾನು ಓದಿಕೊಂಡು, ಆಮೇಲೆ ಜೋರಾಗಿ ಓದಿದಳು. ನಿನ್ನನ್ನು ದೊಡ್ಡಪ್ಪನೇ ಕಳಿಸುತ್ತಿದ್ದಾನೆ ಎಂದು ಗೊತ್ತು ಎಂದಿದ್ದಳು ಗಂಗರತ್ನ. ನೀನು ಬಂದು ಅತ್ತರೆ ನಾನು ತಡೆದುಕೊಳ್ಳಲಾರೆ, ನಿನ್ನ ಹಿಂದೆ ಹೊರಟುಬಿಡುತ್ತೇನೆ. ಇಲ್ಲಿ ಅರ್ಧ ನರ್ಸುಗಳು ಆಗಲೇ ಹೋಗಿಯಾಗಿದೆ. ಇರುವವರೂ ಹೊರಟರೆ ವಾರ್ಡಿನಲ್ಲಿ ಮಲಗಿರುವವರ ಗತಿ ಏನು. ಅದಕ್ಕೇ ಪತ್ರ ಕಳಿಸುವುದಿಲ್ಲ, ಕೋಪ ಮಾಡಿಕೊಂಡರೂ ಸರಿ.

ಸೊಣ್ಣಮ್ಮ ಆ ದಿನ ನಡೆದುಕೊಂಡೇ ಮನೆಗೆ ಹೋದಳು. ಮಗಳ ಮೇಲೆ ಸಿಟ್ಟು ಬಂದಿತ್ತು, ಜೊತೆಗೆ ಇನ್ನೊಂದೂ ಇತ್ತು. ತನ್ನನ್ನೂ ಅವಳು ದೊಡ್ಡಪ್ಪನ ಸಾಲಿಗೇ ಸೇರಿಸಿದಳಲ್ಲ ಎಂಬ ನೋವು. ಅದು ಎರಡು ದಿನ ಕೊರೆಯಿತು. ಮೂರನೆಯ ದಿನ ಗುದ್ದಲಿ ಹಿಡಿದು ಪಾತಿ ಮಾಡುತ್ತಿದ್ದಾಗ, ನಾನು ಹೋಗಬೇಕೆಂದು ಹೊರಟದ್ದಾದರೂ ಯಾಕೆ ಎಂದು ತನ್ನನ್ನೇ ಕೇಳಿಕೊಂಡಳು. ಕರೆದುಕೊಂಡು ಬರುವುದಕ್ಕೇ? ಮೊದಲ ದಿನ ಮನಸ್ಸಿನಲ್ಲಿ ಅದೂ ಇತ್ತು, ಸುಳ್ಳು ಹೇಳಬಾರದು. ಈಗ ಇರಲಿಲ್ಲ. ಗುದ್ದಲಿ ಅಲ್ಲೇ ಬಿಟ್ಟು, ಕೈಕಾಲು ಸಹ ತೊಳೆಯದೆ ಗಂಗಾನಗರಕ್ಕೆ ನಡೆದಳು.

"ಬರ್ಕೊಳಿ ಟೀಚರಮ್ಮ," ಅಂದಳು. "ನಾನು ನಿನ್ನ ಕರ್ಕೊಂಡ್ ಬರಾಕೆ ಬರ್ತಿಲ್ಲ. ನೀನ್ ಮಾಡೋ ಕೆಲ್ಸ ಎಂಗೈತೆ ಅಂತ ನೋಡಾಕೆ ಬರ್ತಿದೀನಿ. ಇಲ್ಲಿ ಎಲ್ರೂ ನಿನ್ ಬಗ್ಗೆ ಮಾತಾಡ್ತಾರೆ. ಕಣ್ಣಲ್ಲಿ ಕಂಡೋರು ಒಬ್ರೂ ಇಲ್ಲ. ನಾನ್ ಕಾಣ್ಬೇಕು."

ಪಂಕಜಾ ಅದನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆದಳು. ಸೊಣ್ಣಮ್ಮ ಓದಿಸಿ ಕೇಳಿದಳು. ಇದು ನನ್ನ ಮಾತಲ್ಲ ಎಂದಳು. ಹರಿದು ಹಾಕಿಸಿ, ಆಡಿದ ಹಾಗೇ ಬರೆಸಿ, ಕೆಳಗೆ ತನ್ನ ಮೂರಕ್ಷರ ಹಾಕಿದಳು. ಎರಡನೇ ಅಕ್ಷರದ ಒತ್ತು ಸಾಲು ಬಿಟ್ಟು ಕೆಳಗೆ ಜಾರಿತ್ತು.

ಮಗಳ ಪತ್ರಕ್ಕೆ ಕಾಯದೆ ಅರ್ಜಿಯನ್ನು ಮೊದಲೇ ಕಳಿಸಿದ್ದರಿಂದ, ಉತ್ತರ ಬರುವ ಮೊದಲು ಪೊಲೀಸರು ಬಂದರು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ದಫೇದಾರನಿಗೆ ಚಿಕ್ಕಹನುಮಯ್ಯ ದಾರಿಯಲ್ಲೇ ಸಿಕ್ಕಿ, ಗಂಡನ ಮಾತು ಮೀರಿ ಹೊರಟಿರುವ ಹೆಂಗಸು, ತಲೆ ಸರಿಯಿಲ್ಲ ಎಂದು ಹೇಳಿದ್ದ. ಗಂಡ ಹೆಂಡತಿ ಇಬ್ಬರೂ ಠಾಣೆಗೆ ಬರಬೇಕಾಯಿತು. ಮುನಿಶಾಮಪ್ಪ ಅಣ್ಣನ ಎದುರು ನಿಂತು ಮಾತಾಡಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ನೀರೆಂದರೆ ಹೆದರುವವನು, ಕೆರೆ ಕೋಡಿ ಬಿದ್ದರೆ ಏರಿಯ ಮೇಲೆ ಕಾಲಿಡದವನು, ಹಡಗಿನ ಮಾತು ಬಂದಾಗಲೆಲ್ಲ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಿದ್ದವನು. ಇವನು ಅಲ್ಲಿ ಏನು ಹೇಳುತ್ತಾನೋ ಎಂದು ಸೊಣ್ಣಮ್ಮನಿಗೆ ಮೊದಲ ಸಲ ಭಯವಾಯಿತು. ಒಪ್ಪಿಗೆ ಎಂದು ಅರ್ಜಿಯ ಮೇಲೆ ಅವನ ಹೆಬ್ಬೆಟ್ಟಿತ್ತು ನಿಜ. ಆದರೆ ಅಣ್ಣ ಠಾಣೆಯ ಬೆಂಚಿನ ಮೇಲೆ ಕೂತಿದ್ದ.

ಹೆಂಡತಿಯನ್ನು ನೀನೇ ಕಳಿಸುತ್ತಿದ್ದೀಯಾ ಎಂದು ಇನ್ಸ್‌ಪೆಕ್ಟರು ಕೇಳಿದರು.

ಮುನಿಶಾಮಪ್ಪ ಅಣ್ಣನ ಕಡೆ ಒಮ್ಮೆ ನೋಡಿ, ಟವೆಲ್ಲನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡ. "ನಾನ್ ಕಳಿಸ್ತಿಲ್ಲ ಸ್ವಾಮಿ, ಅವಳೇ ಓಗ್ತಾವ್ಳೆ," ಅಂದ. "ನಂಗೆ ಒಪ್ಗೆ ಐತೆ."

ಇನ್ಸ್‌ಪೆಕ್ಟರು ಏನನ್ನೋ ಬರೆದುಕೊಂಡು ಇಬ್ಬರನ್ನೂ ಕಳಿಸಿಕೊಟ್ಟರು. ಮನೆಗೆ ಬರುವಾಗ ಅವಳು ಗಂಡನಿಗಿಂತ ಒಂದು ಹೆಜ್ಜೆ ಹಿಂದೆ ನಡೆದಳು. ಕಣ್ಣು ಒರೆಸಿಕೊಳ್ಳುವುದು ಅವನಿಗೆ ಕಾಣಬಾರದಿತ್ತು.

ದೀಪಾವಳಿ ಕಳೆದು ಹತ್ತು ದಿನಕ್ಕೆ ಏಡನ್ನಿನಿಂದ ದಪ್ಪ ಲಕೋಟೆ ಬಂತು. ಅದರಲ್ಲಿ ಬೇಕಾದ ಪತ್ರಗಳೆಲ್ಲ ಇದ್ದವು. ಜೊತೆಗಿದ್ದ ಚೀಟಿಯಲ್ಲಿ ಎರಡೇ ಸಾಲು. ರುಜು ನೋಡಿದೆ, ವಾರ್ಡಿನಲ್ಲಿ ಎಲ್ಲರಿಗೂ ತೋರಿಸಿದೆ. ಜನವರಿಯಲ್ಲಿ ರಜೆ ಮುಗಿಸಿ ಬೊಂಬಾಯಿಯಿಂದ ವಾಪಸು ಬರುವ ಇಬ್ಬರು ನರ್ಸುಗಳಿದ್ದಾರೆ, ಅವರ ಜೊತೆ ಬಾ.

ಹಡಗಿನ ಟಿಕೆಟ್ಟಿಗೆ ಸೊಣ್ಣಮ್ಮ ತನ್ನ ಕೊರಳಿನ ಚಿನ್ನದ ಅಡ್ಡಿಕೆಯನ್ನು ಮಾರಿದಳು. ಬರಿಯ ಕುತ್ತಿಗೆ ನೋಡಿ ಕೇಳಿದವರಿಗೆ, ಕುತ್ತಿಗೆ ಹಗುರಾಗಿದೆ ಎಂದಳು. ಹೊರಡಲು ವಾರವಿರುವಾಗ ಏಡನ್ನಿನಲ್ಲಿ ಮುಷ್ಕರ, ಕರ್ಫ್ಯೂ ಎಂದು ಪತ್ರಿಕೆಯಲ್ಲಿ ಬಂತು. ಪಂಕಜಾ ಆ ಹಾಳೆಯನ್ನು ಹಿಡಿದುಕೊಂಡು ಕೆಂಪಾಪುರಕ್ಕೇ ಬಂದಳು. ಇದನ್ನೆಲ್ಲ ಬರೆದುಕೊಟ್ಟು ತಪ್ಪು ಮಾಡಿದೆನೋ ಏನೋ ಎಂದು ಆಕೆಗೆ ಅಳುಕು ಹುಟ್ಟಿತ್ತು. ಸೊಣ್ಣಮ್ಮ ಅವಳಿಗೆ ಮಜ್ಜಿಗೆ ಕೊಟ್ಟು, ಪೂರ್ತಿ ಸುದ್ದಿಯನ್ನು ಓದಿಸಿ ಕೇಳಿದಳು. ಆಸ್ಪತ್ರೆ ಮುಚ್ಚಿದೆ ಎಂದು ಬರೆದಿದ್ದಾರೆಯೇ ಎಂದು ವಿಚಾರಿಸಿದಳು. ಇಲ್ಲ ಎಂದಳು ಪಂಕಜಾ. ಹಾಗಾದರೆ ನನ್ನ ಮಗಳು ಕೆಲಸಕ್ಕೆ ಹೋಗುತ್ತಿದ್ದಾಳೆ, ನಾನೂ ಹೋಗುತ್ತೇನೆ ಎಂದು ಲೋಟ ತೊಳೆಯಲು ಎದ್ದಳು.

ಹೋದಳು. ಮೊದಲೆರಡು ದಿನ ಹೊಟ್ಟೆ ತೊಳೆಸಿದರೂ ಹಡಗಿನ ಕಟಕಟೆ ಹಿಡಿದು ಕೂತೇ ಕಳೆದಳು. ಬಂದರಿನಲ್ಲಿ ಬಂದೂಕು ಹಿಡಿದ ಸಿಪಾಯಿಗಳು ಅವಳ ಗಂಟನ್ನು ಬಿಚ್ಚಿಸಿ, ಹುರುಳಿ, ಹುಣಿಸೆಹಣ್ಣು, ರಾಗಿಹಿಟ್ಟು ಎಲ್ಲವನ್ನೂ ಕೆದಕಿದರು. ರಾಗಿಹಿಟ್ಟನ್ನು ಒಬ್ಬ ಮೂಸಿ ನೋಡಿದ. ತಿಂದು ನೋಡು ಎಂದು ಅವಳು ಕನ್ನಡದಲ್ಲೇ ಹೇಳಿದಳು. ಗೇಟಿನಾಚೆ ಬಿಳಿ ಸಮವಸ್ತ್ರದಲ್ಲಿ ನಿಂತಿದ್ದ ಹೆಂಗಸು ತನ್ನ ಮಗಳೇ ಎಂದು ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

ಇಪ್ಪತ್ತೆರಡು ದಿನ ಅಲ್ಲಿದ್ದಳು. ಊರು ನೋಡಲಾಗಲಿಲ್ಲ. ನರ್ಸುಗಳ ವಸತಿ, ಆಸ್ಪತ್ರೆ, ಅವೆರಡರ ನಡುವಿನ ಅಂಗಳ, ಅಷ್ಟೇ. ಒಂದು ಮಧ್ಯಾಹ್ನ ಮಗಳಿಗೆ ಬಿಡುವಿತ್ತು, ಮುದ್ದೆ ಮಾಡಿ ಇಬ್ಬರೂ ಊಟಕ್ಕೆ ಕೂತಿದ್ದರು. ಎಲ್ಲೋ ಹತ್ತಿರದಲ್ಲೇ ಸದ್ದಾಯಿತು. ಕಿಟಕಿಯ ಗಾಜು ನಡುಗಿತು. ಗಂಗರತ್ನ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಬೂಟು ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತು ತಾಯಿಯ ಮುಖ ನೋಡಿದಳು. ಈಗ ಬೇಡ ಎನ್ನುತ್ತಾಳೆ ಎಂದು ಕಾದಂತಿತ್ತು. ಬೇಡ ಎಂಬ ಮಾತು ಸೊಣ್ಣಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಎದ್ದು ಹೋಗಿ ಮಗಳ ತಲೆಯ ಮೇಲಿನ ಬಿಳಿ ಟೋಪಿಯ ಪಿನ್ನು ಸರಿಮಾಡಿ, ಬಾಗಿಲು ತೆಗೆದಳು. ಆಮೇಲೆ ತಾನೂ ಹಿಂದೆಯೇ ಹೋದಳು.

ಲಾರಿಯಲ್ಲಿ ತಂದ ಜನರನ್ನು ಇಳಿಸುತ್ತಿದ್ದರು. ಅದರಲ್ಲಿ ಸಿಪಾಯಿಯೂ ಇದ್ದ, ಮೀನು ಮಾರುವವನೂ ಇದ್ದ. ಗಂಗರತ್ನ ಇಬ್ಬರ ಅಂಗಿಯನ್ನೂ ಒಂದೇ ಕತ್ತರಿಯಿಂದ ಕತ್ತರಿಸಿದಳು. ಅವಳು ಕೈ ತೋರಿಸಿದ ಕಡೆ ಗಂಡಸರು ಓಡಿದರು. ಡಾಕ್ಟರೂ ಅವಳನ್ನು ಏನೋ ಕೇಳಿ, ಅವಳು ಹೇಳಿದ ಮೇಲೆ ಮುಂದುವರಿದ. ಗೋಡೆಗೆ ಒರಗಿ ಒಬ್ಬ ಮುದುಕಿ ತನ್ನ ಭಾಷೆಯಲ್ಲಿ ಗೋಳಾಡುತ್ತಿದ್ದಳು. ಸೊಣ್ಣಮ್ಮ ಅವಳ ಪಕ್ಕ ನೆಲದ ಮೇಲೆ ಕೂತು, ಅವಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ಕತ್ತಲಾಗುವವರೆಗೂ ಮಗಳನ್ನು ನೋಡಿದಳು.

ವಾಪಸು ಹೊರಡುವ ದಿನ ಬಂದರಿನಲ್ಲಿ ಗಂಗರತ್ನ ತಡೆಯಲಾಗದೆ ಕೇಳಿಯೇಬಿಟ್ಟಳು. "ಬಾ ಅಂತ ಒಂದ್ಸಲಾನೂ ಕರೀಲಿಲ್ವಲ್ಲಮ್ಮ?"

"ಕರೀಬೇಕು ಅಂತಿದ್ರೆ ನಿಮ್ ದೊಡ್ಡಪ್ಪನ್ನ ಕಳಿಸ್ತಿದ್ದೆ," ಅಂದಳು ಸೊಣ್ಣಮ್ಮ.

ಅಳು ಬಂದದ್ದು ಮಗಳಿಗೆ. ತಾಯಿ ಹಡಗು ಹತ್ತಿ, ನೆಲ ಕಾಣದಾಗುವವರೆಗೆ ಕಾದು, ಆಮೇಲೆ ಅತ್ತಳು.

ಅವಳು ಒಬ್ಬಳೇ ಜಟಕಾದಿಂದ ಇಳಿದದ್ದನ್ನು ಕಂಡು ಕೆಂಪಾಪುರದ ಅರಳಿಕಟ್ಟೆಯ ಮೇಲೆ ಜನ ಸೇರಿದರು. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದೆಯಾ, ಮಗಳೆಲ್ಲಿ ಎಂದು ಚಿಕ್ಕಹನುಮಯ್ಯ ಎಲ್ಲರಿಗೂ ಕೇಳುವಂತೆ ಕೇಳಿದ. ಸೊಣ್ಣಮ್ಮ ಗಂಟನ್ನು ಗಂಡನ ಕೈಗೆ ಕೊಟ್ಟು, ಕಟ್ಟೆಯ ಹತ್ತಿರ ಬಂದು ನಿಂತಳು. ತಾನು ಕಂಡದ್ದನ್ನು ಒಂದೂ ಬಿಡದೆ ಹೇಳಿದಳು. ಕತ್ತರಿ, ರಕ್ತ, ಕೈ ತೋರಿಸಿದ ಕಡೆ ಓಡಿದ ಗಂಡಸರು, ಡಾಕ್ಟರು.

"ಗಂಡಸ್ರ ಮೈ ಮುಟ್ತಾಳೆ ಬಾವ, ನಿಜ," ಅಂದಳು ಕೊನೆಗೆ. "ಅವತ್ತೊಂದಿನ ಹದಿನಾಲ್ಕು ಜನದ್ದು ಮುಟ್ಟಿದ್ಲು. ಹನ್ನೊಂದು ಜನ ಬದುಕವ್ರೆ."

ಚಿಕ್ಕಹನುಮಯ್ಯ ಒಪ್ಪಿದ ಎಂದು ಹೇಳಿದರೆ ಸುಳ್ಳಾಗುತ್ತದೆ. ಎದ್ದು ಪಂಚೆ ಕೊಡವಿಕೊಂಡು ಮನೆಗೆ ಹೋದ, ಆ ಯುಗಾದಿಗೂ ತಮ್ಮನ ಮನೆಗೆ ಬರಲಿಲ್ಲ. ಆ ವರ್ಷದ ಕೊನೆಗೆ ಇಂಗ್ಲಿಷರು ಏಡನ್ ಬಿಟ್ಟು ಹೋದರು. ಗಂಗರತ್ನ ಹೊಸಬರು ಬಂದು ಕೆಲಸ ಕಲಿಯುವವರೆಗೆ ಇನ್ನೂ ಎಂಟು ತಿಂಗಳು ಅಲ್ಲೇ ಉಳಿದು, ತನಗೆ ಬೇಕೆನಿಸಿದಾಗ ವಾಪಸು ಬಂದಳು. ಸೊಣ್ಣಮ್ಮ ಮಾತ್ರ ತಾನು ಏಡನ್ನಿನಿಂದ ಬಂದ ಮಾರನೆಯ ದಿನವೇ ಕಾಲುವೆಗೆ ಇಳಿದಳು. ಅವಳಿಲ್ಲದ ತಿಂಗಳೂ ಚಿಲ್ಲರೆ ದಿನ ಮುನಿಶಾಮಪ್ಪ ಕೊತ್ತಂಬರಿಗೆ ನೀರು ಜಾಸ್ತಿ ಬಿಟ್ಟು ಎರಡು ಮಡಿ ಕೊಳೆಸಿದ್ದ, ಅದನ್ನು ಕಿತ್ತು ಹೊಸದಾಗಿ ಬಿತ್ತಬೇಕಿತ್ತು.